ಕಾವಳದಲ್ಲಿ ಮೂರು ದಿನ: ಮಂಗಳೂರಿನಿಂದ ಬಿದನೂರು ನಗರಕ್ಕೆ ಓಮ್ನಿಯಲ್ಲಿ

ಮೊದಲ ದಿನ: ಮಂಗಳೂರು, ಹೆಬ್ರಿ, ಆಗುಂಬೆ, ತೀರ್ಥಹಳ್ಳಿ

ಮಂಗಳೂರು ಬಿಟ್ಟಾಗ ಮಧ್ಯಾಹ್ನ ಎರಡೂವರೆ. ಡಿಸೆಂಬರ್ ಮೂರನೇ ವಾರ, ಆದರೂ ಕರಾವಳಿಯಲ್ಲಿ ಅಂಗಿ ಬೆನ್ನಿಗೆ ಅಂಟುವ ಸೆಕೆ. ಗಾಡಿ ಎ.ಸಿ. ಇಲ್ಲದ ಹಳೇ ಓಮ್ನಿ. ಸ್ಟಿಯರಿಂಗ್ ಹಿಡಿದವರು ಹೊಸನಗರ ಕಡೆಯವರು, ಮೂವತ್ತು ವರ್ಷ ಘಟ್ಟ ಹತ್ತಿಳಿದ ಕೈ. ಹಿಂದಿನ ಸೀಟಿನಲ್ಲಿ ಅವರ ಅಕ್ಕನ ಮಗ, ಅಂಗೈ ಎರಡೂ ಕೆಂಪಾಗಿ ಕೂತಿದ್ದ. ಅವತ್ತು ಬೆಳಿಗ್ಗೆಯಷ್ಟೇ ವಿದ್ಯುತ್ ಕಂಪನಿಯ ಕಿರಿಯ ಪವರ್‌ಮ್ಯಾನ್ ಹುದ್ದೆಯ ದೈಹಿಕ ಪರೀಕ್ಷೆ ಮುಗಿಸಿದ್ದ. 8 ಮೀಟರ್ ಕಂಬ ಹತ್ತುವುದು ಕಡ್ಡಾಯ. ಅದಾದ ಮೇಲೆ 100 ಮೀಟರ್ ಓಟ 14 ಸೆಕೆಂಡಿನಲ್ಲಿ, 800 ಮೀಟರ್ 3 ನಿಮಿಷದಲ್ಲಿ, 12 ಪೌಂಡಿನ ಗುಂಡು 8 ಮೀಟರ್ ದೂರಕ್ಕೆ, ಹಗ್ಗದಾಟ (ಸ್ಕಿಪ್ಪಿಂಗ್) ಬೇರೆ. ಕಂಬದಲ್ಲಿ ಸೋತರೆ ಉಳಿದದ್ದು ಲೆಕ್ಕಕ್ಕಿಲ್ಲ.

ಹುಡುಗ ಅಭ್ಯಾಸ ಮಾಡಿದ್ದು ಮನೆ ತೋಟದ ಅಡಿಕೆ ಮರದಲ್ಲಿ. ಅದು ಅರ್ಧ ಉಪಕಾರ, ಅರ್ಧ ಮೋಸ. ಅಡಿಕೆ ಮರ ದುಂಡಗೆ ಸಣ್ಣಗಿರುತ್ತದೆ, ಕಾಲಿಗೆ ಹಗ್ಗದ ಬಳೆಯಂಥ ತಳೆ ಹಾಕಿದರೆ ಪಾದ ಎರಡೂ ಕಡೆ ಒತ್ತಿ ನಿಲ್ಲುತ್ತದೆ. ಸಿಮೆಂಟ್ ಕಂಬಕ್ಕೆ ಮೂಲೆ ಇದೆ. ತೊಡೆಯಿಂದ ಅಪ್ಪಿಕೊಂಡು ಪಾದದ ಒಳಬದಿಯನ್ನು ಮೂಲೆಗೆ ಒತ್ತಬೇಕು, ಕೈ ಮೊದಲು ಹೋಗಿ ಕಾಲು ಹಿಂದೆ ಬರಬೇಕು. ಕೈಯಲ್ಲೇ ಮೈ ಎಳೆಯಲು ಹೊರಟವರು ಅರ್ಧಕ್ಕೆ ಸುಸ್ತಾಗಿ ಜಾರುತ್ತಾರೆ. ಇವನು ಮುಟ್ಟಿ ಇಳಿದಿದ್ದ. ಇನ್ನು ಪಟ್ಟಿ ಬರಬೇಕು, ಬಂದರೆ ಎಲ್ಲಿಗೆ ಹಾಕುತ್ತಾರೋ ನೋಡಬೇಕು. ಊರಿನ ಶಾಖೆಗೇ ಸಿಕ್ಕರೆ ಎಂಬ ಆಸೆಯನ್ನು ಉಡುಪಿ ದಾಟುವಷ್ಟರಲ್ಲಿ ನಾಲ್ಕು ಸಲ ಹೇಳಿದ್ದ.

ಹೆಬ್ರಿಯಲ್ಲಿ ಚಹಾ, ಗೋಳಿಬಜೆ. ಸ್ಟಿಯರಿಂಗ್ ಹಿಡಿದಿದ್ದ ಹುಡುಗನ ಮಾವ ಅಲ್ಲಿ ಮಾಡಿದ ಕೆಲಸ ಘಟ್ಟ ಹತ್ತುವವರೆಲ್ಲ ಮಾಡಬೇಕಾದದ್ದು. ಗಾಜನ್ನು ಒಳಗಿನಿಂದ ಒರೆಸಿದರು. ಹೊರಗಿನ ಗಾಜು ಎಲ್ಲರೂ ತೊಳೆಯುತ್ತಾರೆ, ಒಳಗಿನದನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿ ಕೂತ ಧೂಳು, ಕೈಜಿಡ್ಡಿನ ಮೇಲೆ ಉಸಿರಿನ ತೇವ ಬೇಗ ಹಿಡಿಯುತ್ತದೆ. ಒಂದು ಮಗ್ ನೀರಿಗೆ ನಾಲ್ಕು ಹನಿ ಶಾಂಪೂ, ಬಟ್ಟೆ ಅದ್ದಿ ಹಿಂಡಿ ಒರೆಸಿ, ಮೇಲೆ ಹಳೇ ಪೇಪರಿನಿಂದ ಒಣಗಿಸುವುದು. ಹೊಗೆಸೊಪ್ಪು ಉಜ್ಜುವ ಹಳೇ ಉಪಾಯವೊಂದಿದೆ. ವೈಪರ್ ಕೈಕೊಟ್ಟಾಗ ಹೊರಗಿನ ಗಾಜಿಗೆ ಹತ್ತು ನಿಮಿಷದ ಮಟ್ಟಿಗೆ ಅದು ಸರಿಯೇ. ಆಮೇಲೆ ಕಂದು ಗೆರೆ ಎದ್ದು ಎದುರಿನ ಲೈಟು ಬಿದ್ದರೆ ಇದ್ದದ್ದೂ ಕಾಣುವುದಿಲ್ಲ.

ಸೋಮೇಶ್ವರ ದಾಟಿದ್ದೇ ಘಟ್ಟ. 14 ಹೇರ್‌ಪಿನ್ ತಿರುವು. ಓಮ್ನಿ 796 ಸಿಸಿ ಗಾಡಿ, ಎಂಜಿನ್ ಕೂತವರ ಅಡಿಯಲ್ಲೇ, ಎಳೆಯುವುದು ಹಿಂದಿನ ಚಕ್ರ. ಖಾಲಿ ಇದ್ದರೆ ಪಾಚಿ ಹಿಡಿದ ತಿರುವಿನಲ್ಲಿ ಹಿಂಭಾಗ ಸರಿಯುತ್ತದೆ. ಅದಕ್ಕೇ ಹಿಂದೆ ಐವತ್ತು ಕೆ.ಜಿ. ಹಿಂಡಿ ಮೂಟೆ ಇತ್ತು. ಮನೆ ದನಕ್ಕೂ ಆಯಿತು, ಘಟ್ಟಕ್ಕೂ ಆಯಿತು. ನೇರ ಏರಿಗೆ ಎರಡನೇ ಗೇರು, ತಿರುವಿಗೆ ಮೊದಲನೆಯದು, ಮತ್ತೆ ಆ ಗೇರು ತಿರುವಿನ ಮೊದಲೇ ಬೀಳಬೇಕು. ತಿರುವಿನ ಮಧ್ಯೆ ಕ್ಲಚ್ ಒತ್ತಿ ಗೇರು ಹುಡುಕುವವರು ಅಲ್ಲೇ ನಿಂತು, ಹಿಂದಿನವರ ಶಾಪ ತಿನ್ನುತ್ತಾರೆ. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಅದು ನಿಯಮವೂ ಹೌದು, ಘಟ್ಟದ ಮರ್ಯಾದೆಯೂ ಹೌದು. ಏಳನೇ ತಿರುವಿನಲ್ಲಿ ಮಿನಿಬಸ್ಸೊಂದು ಪೂರ್ತಿ ರಸ್ತೆ ತೆಗೆದುಕೊಂಡು ಇಳಿಯಿತು. ಅದಕ್ಕೆ ಹಾಗೆ ತೆಗೆದುಕೊಳ್ಳದೆ ಗತ್ಯಂತರವಿಲ್ಲ. ಹಾರ್ನ್ ಕೇಳಿದ ಕೂಡಲೇ ನಿಲ್ಲಿಸಿ ಜಾಗ ಬಿಟ್ಟರೆ ಎಲ್ಲರಿಗೂ ಸುಖ.

ಸೂರ್ಯಾಸ್ತದ ಕಟ್ಟೆಯಲ್ಲಿ ಹತ್ತಿಪ್ಪತ್ತು ಜನ ಮೊಬೈಲ್ ಎತ್ತಿ ನಿಂತಿದ್ದರು. ಆಕಾಶ ಶುಭ್ರ, ದೂರದಲ್ಲಿ ಕಡಲಿನ ಗೆರೆ ತೆಳ್ಳಗೆ ಹೊಳೆಯುತ್ತಿತ್ತು. ಎಲ್ಲರಿಗೂ ಖುಷಿ. ಮಾವ ಮಾತ್ರ ಮೇಲೆ ನೋಡಿ, “ಮೋಡ ಒಂದೂ ಇಲ್ಲ, ಗಾಳಿನೂ ಇಲ್ಲ. ರಾತ್ರಿ ಕಾವಳ ಬರ್ತದೆ” ಅಂದರು.

ಅವರ ಲೆಕ್ಕ ಸರಿ. ಆಗುಂಬೆಯ ಮಂಜಿಗೆ ಎರಡು ಬಗೆ. ಜುಲೈ, ಆಗಸ್ಟಿನದು ಕಡಲ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುವಾಗ ಆಗುವ ಮೋಡ, ಅದರೊಳಗೇ ರಸ್ತೆ ಹೋಗುತ್ತದೆ. ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಸುರಿಯುವುದೂ ಆ ಮೋಡದಿಂದಲೇ. ಅದು ಹಗಲು ರಾತ್ರಿ ನೋಡುವುದಿಲ್ಲ, ಗಾಳಿ ಬೀಸಿದರೂ ಹೋಗುವುದಿಲ್ಲ. ಚಳಿಗಾಲದ್ದು ನೆಲದಿಂದ ಹುಟ್ಟುವ ಕಾವಳ. ಮೋಡವಿಲ್ಲದ ಉದ್ದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ, ಗದ್ದೆ, ಹಳ್ಳ, ತೋಟದ ತೇವದ ಗಾಳಿ ಅಲ್ಲೇ ಹನಿಗಟ್ಟುತ್ತದೆ. ಅದಕ್ಕೆ ಗಾಳಿ ಆಗದು, ಬಿಸಿಲು ಆಗದು. ತಣ್ಣಗಿನ ಗಾಳಿ ಭಾರ, ಹಾಗಾಗಿ ತಗ್ಗಿಗೆ ಇಳಿದು ಕೂರುತ್ತದೆ. ದಿಬ್ಬದ ಮೇಲೆ ನಕ್ಷತ್ರ ಕಾಣುತ್ತದೆ, ಕೆಳಗಿನ ಮೋರಿ ಹತ್ತಿರ ಬಾನೆಟ್ಟೇ ಕಾಣುವುದಿಲ್ಲ.

ಗುಡ್ಡೇಕೇರಿ, ಮೇಗರವಳ್ಳಿ ಭಾಗದಲ್ಲಿ ಹಾಗೇ ಆಯಿತು. ಏರಿನಲ್ಲಿ ಬಯಲು, ಇಳಿದರೆ ಹಾಲಿನೊಳಗೆ. ಜೊತೆಗೆ ಎಡಗಡೆಯ ಹೆಡ್‌ಲೈಟು ಆರಿತು. ಡಿಮ್ ಮಾಡಿದರೆ ಒಂದೇ ಕಣ್ಣು, ಡಿಪ್ಪರ್ ಮೇಲೆತ್ತಿದರೆ ಎರಡೂ ಉರಿಯುತ್ತದೆ. ಎಂದರೆ ಬಲ್ಬಿನೊಳಗಿನ ಎರಡು ತಂತಿಯಲ್ಲಿ ಡಿಮ್ಮಿನದು ಹೋಗಿದೆ, ವೈರಿಂಗ್ ಹುಡುಕುವ ಅಗತ್ಯವಿಲ್ಲ. ಹಾಗಂತ ಹೈ ಬೀಮ್ ಹಾಕಿಕೊಂಡು ಹೋಗೋಣ ಎಂದರೆ ಕಾವಳದಲ್ಲಿ ಅದಕ್ಕಿಂತ ದಡ್ಡತನವಿಲ್ಲ. ಬೆಳಕು ಹನಿಗೆ ಬಡಿದು ತಿರುಗಿ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳೀ ಗೋಡೆ ಕಟ್ಟಿದಂತಾಗುತ್ತದೆ. ಬೆಳಕು ತಗ್ಗಿ ರಸ್ತೆಯ ಮೇಲೆ ಬೀಳಬೇಕು.

ಮಾವ ರಸ್ತೆ ಬಿಟ್ಟು ಪೂರ್ತಿ ಮಣ್ಣಿಗೆ ಇಳಿಸಿ ನಿಲ್ಲಿಸಿದರು. ನಾಲ್ಕೂ ಇಂಡಿಕೇಟರ್ ಹಾಕಿದ್ದು ನಿಂತ ಮೇಲೆ. ಓಡುವಾಗಲೇ ಹಾಕಿಕೊಂಡು ಹೋಗುವವರು ಈಗ ಜಾಸ್ತಿ, ಹಾಗೆ ಮಾಡಿದರೆ ಎಡಕ್ಕೆ ತಿರುಗುತ್ತಾರೋ ಬಲಕ್ಕೋ, ನಿಂತಿದ್ದಾರೋ ಓಡುತ್ತಿದ್ದಾರೋ ಹಿಂದಿನವನಿಗೆ ದೇವರಾಣೆಗೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನಿಂದ 60/55 ವಾಟಿನ ಬಲ್ಬು ತೆಗೆದರು. ಹಿಂದಿನ ರಬ್ಬರ್ ಟೋಪಿ ಕಳಚಿ, ತಂತಿಯ ಕೊಂಡಿ ಒತ್ತಿ ಹಳೆಯದನ್ನು ಎಳೆದರು. ಹೊಸದರ ಗಾಜು ಮುಟ್ಟದೆ ಬುಡದ ತಗಡು ಹಿಡಿದು, ಮೂರು ಕಿವಿಯನ್ನು ಅದರ ಗುಂಡಿಗೆ ಸರಿಯಾಗಿ ಕೂರಿಸಿದರು. ಹುಡುಗ ಗಾಜಿಗೆ ಬೆರಳು ಹಾಕಲು ಹೋದ.

“ಮುಟ್ಟಬೇಡ ಮಾರಾಯ! ಬೆರಳಿನ ಎಣ್ಣೆ ಕೂತ ಜಾಗ ಜಾಸ್ತಿ ಕಾದು ಒಡೀತದೆ.”

“ನೂರು ವಾಟಿಂದು ಹಾಕಿದ್ರೆ ಆಗ್ತಿರ್ಲಿಲ್ವಾ ಮಾವ?”

“ಹೋಲ್ಡರ್ ಕರಗಿ ಹೋಗದು. ನಾಳೆ ಲೈನ್‌ಮನ್ ಆಗವನು ನೀನು, ನಂಗೆ ಕೇಳ್ತೀಯಲ್ಲ.”

ಅಲ್ಲಿಂದ ತೀರ್ಥಹಳ್ಳಿಗೆ ಹದಿನೈದು, ಇಪ್ಪತ್ತರ ವೇಗ. ಎಡಗಡೆಯ ಗಾಜು ಒಂದು ಬೆರಳು, ಬಲಗಡೆಯದು ಎರಡು ಬೆರಳು ಇಳಿಸಿ. ಒಳಗಿನ ಮೂವರ ಉಸಿರು ಹೊರಗೆ ಹೋಗಲು ಒಂದು, ಎದುರಿನ ಎಂಜಿನ್ ಸದ್ದು ಒಳಗೆ ಬರಲು ಇನ್ನೊಂದು. ಎ.ಸಿ. ಗಾಡಿಯವರಿಗೆ ಈ ತಾಪತ್ರಯವಿಲ್ಲ. ಹೊರಗಿನ ಗಾಳಿ ತೆಗೆದುಕೊಳ್ಳುವ ಗುಂಡಿ ಒತ್ತಿ ಎ.ಸಿ. ಜೊತೆ ಬಿಸಿ ಗಾಳಿಯನ್ನು ಗಾಜಿಗೆ ತಿರುಗಿಸಿದರೆ ಎರಡು ನಿಮಿಷದಲ್ಲಿ ಸ್ವಚ್ಛ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದರೆ ಮಾತ್ರ ಕೆಟ್ಟಿತು.

ಎರಡು ಕಡೆ ದನ ಮಲಗಿದ್ದವು, ರಸ್ತೆಯ ನಟ್ಟನಡುವೆ. ಹಗಲು ಕಾದ ಟಾರು ರಾತ್ರಿ ಮೈಗೆ ಹಿತ, ಅದಕ್ಕೇ ಬರುತ್ತವೆ. ಒಂದು ಕಪ್ಪು ಎಮ್ಮೆ ಹತ್ತಡಿ ಹತ್ತಿರ ಹೋದ ಮೇಲಷ್ಟೇ ಎಮ್ಮೆಯಾಯಿತು.

ಎರಡನೇ ದಿನ: ತೀರ್ಥಹಳ್ಳಿ, ಮಂಡಗದ್ದೆ, ಶಿವಮೊಗ್ಗ

ಬೆಳಿಗ್ಗೆ ಐದಕ್ಕೆ ಧನುರ್ಮಾಸದ ಪೂಜೆಯ ಮೈಕು ಎಬ್ಬಿಸಿತು. ಕಿಟಕಿ ತೆರೆದರೆ ಎದುರಿನ ಮನೆ ಇಲ್ಲ. ತುಂಗೆಯ ದಂಡೆಯ ಊರು, ನದಿಯ ತೇವ ಪೂರ್ತಿ ಬೀದಿಗೆ ಬಂದಿತ್ತು. ಹುಡುಗನಿಗೆ ಶಿವಮೊಗ್ಗದಲ್ಲಿ ಕಾಗದಪತ್ರದ ಕೆಲಸ, ಆರಕ್ಕೇ ಬ್ಯಾಗ್ ಹೆಗಲಿಗೇರಿಸಿ ನಿಂತ. ಮಾವ ಕಂಬಳಿಯಿಂದ ಮುಖ ಹೊರಗೆ ಹಾಕಲಿಲ್ಲ.

ಸೂರ್ಯ ಹುಟ್ಟಿದರೆ ಕಾವಳ ಹೋಗುತ್ತದೆ ಎಂದುಕೊಂಡು ಆರೂವರೆಗೆ ಹೊರಡುವವರು ಬಹಳ. ಹುಟ್ಟಿದ ಮೊದಲ ಅರ್ಧ ಮುಕ್ಕಾಲು ಗಂಟೆ ಅದು ಇನ್ನೂ ದಟ್ಟವಾಗುವುದುಂಟು. ತುಸು ಬಿಸಿಲು ತಾಗಿ ತಗ್ಗಿನ ತಣ್ಣನೆ ಗಾಳಿ ಅಲ್ಲಾಡುತ್ತದೆ, ಹುಲ್ಲಿನ ಇಬ್ಬನಿ ಆವಿಯಾಗಿ ಅದಕ್ಕೇ ಸೇರುತ್ತದೆ. ನೆಲ ಕಾದು ಅದು ಮೇಲೇಳಲು ಎಂಟೂವರೆ, ಒಂಬತ್ತು ಆಗಬೇಕು. ಅಷ್ಟು ಹೊತ್ತು ಮಾಡಬೇಕಾದದ್ದು ತಿಂಡಿ.

ಸಣ್ಣ ಹೋಟೆಲಿನಲ್ಲಿ ಕಡುಬು ಸಿಕ್ಕಿತು. ಅಕ್ಕಿ ತರಿಯನ್ನು ಕುದಿನೀರಿಗೆ ಹಾಕಿ ಕಾಸಿ, ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಮುರಿದರೆ ತರಿ ತರಿಯಾಗಿ ಬಿಡಬೇಕು, ಹಿಟ್ಟಾಗಿ ಅಂಟಿದರೆ ನೀರು ಹೆಚ್ಚಾಯಿತೆಂದೇ. ಜೊತೆಗೆ ಕಾಯಿ ಚಟ್ನಿ, ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ, ತಟ್ಟೆಯ ಅಂಚಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ. ಸಾಂಬಾರು ಕೊಡಲು ಬಂದವರಿಗೆ ಮಾವ ಬೇಡ ಎಂದು ತಟ್ಟೆ ಮುಚ್ಚಿದರು. ಅದು ಸರಿಯಾದ ನಿಲುವು.

ಬೀದಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಯ ಅಂಗಡಿಗಳಿಗೆ ಗಳು ನೆಡುತ್ತಿದ್ದರು. ಕಾವಳದಲ್ಲಿ ಗಳು ಮಾತ್ರ ಕಾಣುತ್ತಿತ್ತು, ಹಿಡಿದವರು ಕಾಣುತ್ತಿರಲಿಲ್ಲ.

ಎಂಟೂ ಮುಕ್ಕಾಲಿಗೆ ಹೊರಟೆವು. ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಬಹುಪಾಲು ತುಂಗೆಯ ಪಕ್ಕದಲ್ಲೇ. ಬಯಲಾಯಿತು ಎಂದುಕೊಂಡಲ್ಲೇ ನದಿ ಹತ್ತಿರ ಬಂದು ಮತ್ತೆ ಮುಸುಕು. ಅಲ್ಲಿ ಮಾವ ಹುಡುಗನಿಗೆ ಒಂದು ಕೆಲಸ ಕೊಟ್ಟರು. “ಲೈನ್ ಕಂಬ ಎಣಿಸ್ತಾ ಬಾ. ಒಂದ್ ಕಂಬದ ಹತ್ರ ಇದ್ದಾಗ ಮುಂದಿಂದು ಕಂಡ್ರೆ ಹೇಳು, ಕಾಣ್ದಿದ್ರೂ ಹೇಳು.”

ಇದಕ್ಕಿಂತ ಒಳ್ಳೆಯ ಅಳತೆಗೋಲು ನಮ್ಮ ರಸ್ತೆಗಳಲ್ಲಿ ಇಲ್ಲ. ಹಳ್ಳಿ ಲೈನಿನ ಕಂಬದಿಂದ ಕಂಬಕ್ಕೆ ಸುಮಾರು 50 ಮೀಟರ್. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ದನ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ ಅಲ್ಲಿಗೇ ಸುಮಾರು 17 ಮೀಟರ್ ಮುಗಿಯಿತು. ಒದ್ದೆ ಟಾರಿನಲ್ಲಿ ಗಾಡಿ ನಿಲ್ಲಲು ಇನ್ನೊಂದು 16. ಒಟ್ಟು 33. ಮುಂದಿನ ಕಂಬ ಕಾಣುತ್ತಿದ್ದರೆ 40 ಸರಿ. ಕಾಣದಿದ್ದರೆ 20ಕ್ಕೆ ಇಳಿಯಬೇಕು, ಆಗ 12 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಹೋಗುತ್ತಿದ್ದರೆ ನಿಲ್ಲಲು 60 ಮೀಟರ್ ಬೇಕು, ಕಂಬ ದಾಟಿಯೇ ನಿಲ್ಲುವುದು. ಹವಾಮಾನ ಇಲಾಖೆಯ ಭಾಷೆಯಲ್ಲಿ ನೋಟ 200 ಮೀಟರಿಗಿಂತ ಕಡಿಮೆಯಾದರೆ ದಟ್ಟ ಮಂಜು, 50ಕ್ಕಿಂತ ಕಡಿಮೆಯಾದರೆ ಅತಿ ದಟ್ಟ. ನಮ್ಮ ಭಾಷೆಯಲ್ಲಿ ಮೊದಲನೆಯದು ನಾಲ್ಕು ಕಂಬ, ಎರಡನೆಯದು ಒಂದು ಕಂಬ.

ಕಣ್ಣು ಇಡಬೇಕಾದದ್ದು ಎಡ ಅಂಚಿನ ಬಿಳಿ ಗೆರೆಗೆ. ನಡುಗೆರೆ ಹಿಡಿದು ಹೋದರೆ, ಎದುರಿನವನೂ ಅದನ್ನೇ ಹಿಡಿದು ಬರುತ್ತಿರುತ್ತಾನೆ. ಮುಂದಿನ ಲಾರಿಯ ಕೆಂಪು ದೀಪಕ್ಕೆ ಅಂಟಿಕೊಳ್ಳುವುದೂ ತಪ್ಪು, ಲಾರಿ ಚರಂಡಿಗೆ ಇಳಿದರೆ ನಾವೂ ಇಳಿಯುತ್ತೇವೆ. ತೋಟದ ಕೆಲಸಕ್ಕೆ ಹೋಗುವವರು ಕಪ್ಪು ಕಂಬಳಿ ಹೊದ್ದು ರಸ್ತೆಯ ಎಡಕ್ಕೇ ನಡೆಯುತ್ತಿರುತ್ತಾರೆ. ಇದು ಕೊಯ್ಲಿನ ಕಾಲ, ಬೆಳಿಗ್ಗೆ ಎಲ್ಲ ಕಡೆ ಜನ.

ಮಂಡಗದ್ದೆಯಲ್ಲಿ ಹಕ್ಕಿಗಳ ಕಾಲ ಮುಗಿದಿತ್ತು. ಮಳೆಗಾಲದಲ್ಲಿ ಬೆಳ್ಳಕ್ಕಿ ತುಂಬಿ ಬಿಳಿಯಾಗುವ ಹೊಳೆ ನಡುವಿನ ಮರಗಳು ಈಗ ಬರೇ ಕಾವಳದಿಂದ ಬಿಳಿ. ಚಹಾ ಅಂಗಡಿಯ ಬೆಂಚಿನಲ್ಲಿ ಮಂಕಿಟೋಪಿ ಹಾಕಿದ ಹಿರಿಯರೊಬ್ಬರು ಕೂತಿದ್ದರು. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಹುಡುಗ “ಎಂತಾ ಮಂಜು ಅಲ್ವಾ ಮಾರಾಯ್ರೇ” ಅಂದದ್ದೇ ತಪ್ಪಾಯಿತು.

“ಇದು ಮಂಜಲ್ಲ ತಮ್ಮಾ, ಕಾವಳ. ಮಂಜು ಅಂದ್ರೆ ಜೋಜಿಲಾದಲ್ಲಿ. ಅಲ್ಲಿ ಕಣ್ಣಿಗೆ ಕಾಣ್ತದೆ, ಗಾಡಿ ನಿಲ್ಲಲ್ಲ. ಇಲ್ಲಿ ಗಾಡಿ ನಿಲ್ತದೆ, ಕಣ್ಣಿಗೆ ಕಾಣಲ್ಲ.”

ಒಂದು ಲೋಟ ಚಹಾ ಎರಡಾಯಿತು. ಜೋಜಿಲಾ ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಕಣಿವೆ, 3528 ಮೀಟರ್ ಎತ್ತರ. ಹಿಮ ಬಿದ್ದ ಮೇಲೆ ಅಲ್ಲಿ ಗಾಡಿ ಎಳೆಯುವ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ನೆಲದ ಮೇಲೆ ಹಾಸಿ, ಅದರ ಮೇಲೆ ಗಾಡಿ ಹತ್ತಿಸಿ, ಎರಡೂ ತುದಿ ಎಳೆದು ಕೊಂಡಿ ಹಾಕುವುದು, ನೂರು ಮೀಟರ್ ಓಡಿಸಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯುವುದು. ಬರಿ ಟಾರು ಬಂದ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಸರಪಳಿ ತುಂಡಾಗಿ ಚಕ್ರದ ಕಮಾನಿಗೆ ಹೊಡೆಯುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯುವಂತಿಲ್ಲ, ತೇವ ಹೆಪ್ಪುಗಟ್ಟಿ ಬ್ರೇಕ್ ಶೂ ಡ್ರಮ್ಮಿಗೆ ಹಿಡಿದರೆ ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುವುದು. ವೈಪರ್ ಎತ್ತಿ ನಿಲ್ಲಿಸುವುದು, ಗಾಜಿಗೆ ಅಂಟದಂತೆ. ಮಾಮೂಲಿ ಡೀಸೆಲ್ ಮೇಣದಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಅದಕ್ಕೆ ಚಳಿಗಾಲದ ಡೀಸೆಲ್ಲೇ ಬೇರೆ. ಎಲ್ಲಕ್ಕಿಂತ ಅಪಾಯ ಬಿಳಿ ಹಿಮವಲ್ಲವಂತೆ. ಬಿಸಿಲು ತಾಗದ ತಿರುವಿನಲ್ಲಿ ನೀರು ತೆಳ್ಳಗೆ ಗಾಜಾಗಿ ಟಾರಿನ ಬಣ್ಣದಲ್ಲೇ ಕೂತಿರುತ್ತದೆ. ಅದರ ಮೇಲೆ ಬ್ರೇಕ್ ಒತ್ತಿದರೆ ಗಾಡಿ ನಮ್ಮದಲ್ಲ.

“ಆಗ ಎಂತ ಮಾಡದು?” ಹುಡುಗ ಕೇಳಿದ.

“ಎಂತದೂ ಮಾಡದೇ ಇರದು. ಕಾಲು ತೆಗೆಯದು, ಸ್ಟಿಯರಿಂಗ್ ನೇರ ಹಿಡಿಯದು. ಅದೇ ಕಷ್ಟ.”

ಕನ್ನಡದಲ್ಲಿ ಹಿಮಕ್ಕೂ ಮಂಜು, ಇದಕ್ಕೂ ಮಂಜು. ಆ ಹಿರಿಯರಿಗೆ ಮಾತ್ರ ಎರಡನ್ನೂ ಒಂದೇ ಪದದಲ್ಲಿ ಕರೆಯುವುದು ಸಹಿಸದು. ಮಲೆನಾಡಿನವರ ಬಾಯಲ್ಲಿ ‘ಕಾವಳ’ ಇನ್ನೂ ಉಳಿದಿರುವುದು ಅದಕ್ಕೆ ಒಳ್ಳೆಯದೇ.

ಸಕ್ಕರೆಬೈಲಿನಲ್ಲಿ ಬಿಡಾರದ ಆನೆಗಳು ಹೊಳೆಗೆ ಇಳಿದಿದ್ದವು, ನಿಲ್ಲಿಸಲಿಲ್ಲ. ಗಾಜನೂರು ಅಣೆಕಟ್ಟೆಯ ನೀರಿನ ಮೇಲೆ ಕೊನೆಯ ತುಣುಕು ಕಾವಳ ಹೊಗೆಯಂತೆ ಎದ್ದು ಹೋಗುತ್ತಿತ್ತು. ಅಲ್ಲಿಂದ ಮುಂದೆ ಬಿಸಿಲು. ಎರಡು ಕಿ.ಮೀ. ಹೋದ ಮೇಲೆ ಎದುರಿನ ಬೈಕಿನವನು ಕೈ ತೋರಿಸಿ ಕೂಗಿದ, ಹೆಡ್‌ಲೈಟು ಹಾಗೇ ಉರಿಯುತ್ತಿತ್ತು. ಮಾವ ನಾಲಿಗೆ ಕಚ್ಚಿ ಆರಿಸಿದರು. “ನೆನಪು ಮಾಡು ಮಾರಾಯ, ನಂಗೆ ಇದೊಂದು ಮರೀತದೆ.” ಹುಡುಗ ಆಗಲಿ ಅಂದ.

ಶಿವಮೊಗ್ಗದ ಬಗ್ಗೆ ಬರೆಯುವಂಥದ್ದು ಕಡಿಮೆ. ಕಚೇರಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದು ಇನಿಶಿಯಲ್ ವ್ಯತ್ಯಾಸ ಬಂದು ಸಂಜೆ ಆರಾಯಿತು. ಈ ಹುದ್ದೆಗೆ ಅಂಕಪಟ್ಟಿಯೇ ಜೀವಾಳ, ಆಯ್ಕೆ ನಡೆಯುವುದೇ ಆ ಅಂಕದ ಮೇಲೆ. ಅರ್ಜಿ ಹಾಕುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಅಷ್ಟರಲ್ಲಿ ಮಾವ ಹೆಡ್‌ಲೈಟಿಗೆ ಇನ್ನೊಂದು ಬಲ್ಬು ಕೊಂಡರು. ಅಂಗಡಿಯವರು ಬೆಳ್ಳಗಿನ ಎಲ್‌ಇಡಿ ತೋರಿಸಿದರೆ ಬೇಡ ಎಂದರು. ಹಳೇ ರಿಫ್ಲೆಕ್ಟರಿಗೆ ಅದನ್ನು ತುರುಕಿದರೆ ಬೆಳಕು ಎಲ್ಲೆಲ್ಲೋ ಚೆಲ್ಲಿ ಕಾವಳದಲ್ಲಿ ಕಣ್ಣು ಕುಕ್ಕುತ್ತದೆ. ರಾತ್ರಿ ಗಾಂಧಿ ಬಜಾರ್ ಕಡೆ ಖಾರ ಮಂಡಕ್ಕಿ ತಿಂದು ಮಲಗಿದ್ದಾಯಿತು. ಹುಡುಗನ ಕಾಲಿನ ಮೀನಖಂಡ ಹಿಡಿದು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡಿದ್ದ.

ಮೂರನೇ ದಿನ: ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ

ಒಂಬತ್ತಕ್ಕೆ ಹುಡುಗನ ಮನೆಗೆ ಅಡಿಕೆ ಗೊನೆ ಇಳಿಸುವ ಕೊನೆಗಾರ ಬರುವವನಿದ್ದ. ಕೊಯ್ಲಿನ ಕಾಲದಲ್ಲಿ ಕೊನೆಗಾರ ಸಿಗುವುದು ನೌಕರಿ ಸಿಕ್ಕಷ್ಟೇ ಕಷ್ಟ, ಅವನನ್ನು ಕಾಯಿಸುವಂತಿಲ್ಲ. ಹಾಗಾಗಿ ಐದೂವರೆಗೇ ಹೊರಟಿದ್ದು, ಮಾವನ ನಿಯಮಕ್ಕೆ ವಿರುದ್ಧವಾಗಿ.

ಆಯನೂರಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ. ಅಲ್ಲಿಯವರೆಗೆ ಲಾರಿಗಳ ಹಳದಿ ದೀಪ, ಅಲ್ಲಿಂದ ಕಾಡು. ಕಾಡಿನೊಳಗೆ ಕಾವಳ ಕಡಿಮೆ, ಮರದ ಹೊದಿಕೆ ನೆಲದ ಬಿಸಿಯನ್ನು ಹಿಡಿದಿಡುತ್ತದೆ. ಆದರೆ ಎಲೆ ತುದಿಯಿಂದ ಹನಿ ಬಿದ್ದು ರಸ್ತೆ ಮಳೆಗಾಲದಂತೆ ಒದ್ದೆ. ಕಾಡು ಮುಗಿದು ಗದ್ದೆ ಬಯಲು ಬಂದಲ್ಲೆಲ್ಲ ಮತ್ತೆ ಗೋಡೆ. “ಒಂದ್ ಕಂಬ… ಕಾಣ್ತು… ಇಲ್ಲ, ಕಾಣ್ಲಿಲ್ಲ” ಎಂದು ಹುಡುಗ ಹಿಂದಿನಿಂದ ಹೇಳುತ್ತಲೇ ಇದ್ದ.

ರಿಪ್ಪನ್‌ಪೇಟೆ ದಾಟಿದ ಮೇಲೆ ಎದುರಿಗೆ ಎರಡು ಟಾರ್ಚು ಅಲ್ಲಾಡಿದವು. ಬೈಕ್ ನಿಲ್ಲಿಸಿಕೊಂಡು ಇಬ್ಬರು ಲೈನ್‌ಮನ್‌ಗಳು ಮೇಲೆ ನೋಡುತ್ತ ನಿಂತಿದ್ದರು. ನಾಲ್ಕು ಗಂಟೆಯಿಂದ ಫೀಡರ್, ಎಂದರೆ ವಿದ್ಯುತ್ ಸ್ಟೇಷನ್ನಿನಿಂದ ಬರುವ ಮುಖ್ಯ ಲೈನ್, ನಿಲ್ಲುತ್ತಿಲ್ಲ, ಹಾಕಿದರೆ ಹಾರುತ್ತದೆ. ಮಾವ ಗಾಡಿ ಬದಿಗಿಟ್ಟರು. ಹುಡುಗ ಇಳಿದು ಹತ್ತಿರ ಹೋದ.

“ಮಳೆ ಇಲ್ಲ, ಗಾಳಿ ಇಲ್ಲ, ಹೆಂಗೆ ಟ್ರಿಪ್ ಆಗ್ತದೆ ಅಣ್ಣ?”

ಇಬ್ಬರಲ್ಲಿ ಹಿರಿಯರು ಕಂಬದ ತುದಿಯಲ್ಲಿ ತಂತಿ ಹೊತ್ತ ಪಿಂಗಾಣಿಗೆ ಟಾರ್ಚು ಬಿಟ್ಟರು, ಬೆಳಕು ಅರ್ಧಕ್ಕೇ ಕರಗಿತು. ಮಳೆಗಾಲದಲ್ಲಿ ಪಿಂಗಾಣಿಯನ್ನು ಮಳೆಯೇ ತೊಳೆಯುತ್ತದೆ, ಆಗ ಲೈನ್ ಹೋಗುವುದು ಮರ ಬಿದ್ದು. ಮಳೆ ನಿಂತ ಮೇಲೆ ರಸ್ತೆಯ ಧೂಳು, ಸುಟ್ಟ ಕಸದ ಹೊಗೆ ಅದರ ಮೇಲೆ ಪದರವಾಗಿ ಕೂರುತ್ತದೆ. ಒಣ ಧೂಳಿನಲ್ಲಿ ಕರೆಂಟು ಹರಿಯುವುದಿಲ್ಲ. ಕಾವಳ ಅದನ್ನು ತೊಳೆಯುವಷ್ಟು ನೀರು ಕೊಡುವುದಿಲ್ಲ, ನೆನೆಸುವಷ್ಟು ಮಾತ್ರ ಕೊಡುತ್ತದೆ. ಒದ್ದೆ ಧೂಳಿನ ಮೇಲೆ 11 ಕೆ.ವಿ. ಸಣ್ಣಗೆ ಸೋರಲು ಶುರು, ಚಿಟಚಿಟ ಸದ್ದು, ಒಂದು ಹೊತ್ತಿನಲ್ಲಿ ಕಿಡಿ ಹಾರಿ ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳುತ್ತದೆ. ಪಿಂಗಾಣಿಯಲ್ಲಿ ಕೂದಲೆಳೆಯ ಸೀಳಿದ್ದರಂತೂ ಬೇಗ.

ಹುಡುಕುವುದು ಹೇಗೆಂದರೆ ಲೈನನ್ನು ತುಂಡು ಮಾಡಿ. ಮೂರೂ ತಂತಿಯನ್ನು ಒಟ್ಟಿಗೇ ಬಿಡಿಸುವ ನಡುವಿನ ಜಿ.ಓ.ಎಸ್. ಸ್ವಿಚ್ ಇಳಿಸಿ ಅರ್ಧ ಮಾತ್ರ ಚಾರ್ಜ್ ಮಾಡಿ ನೋಡುವುದು. ನಿಂತರೆ ದೋಷ ಆಚೆ ಅರ್ಧದಲ್ಲಿ, ಹಾರಿದರೆ ಈಚೆ. ಮತ್ತೆ ಅದರಲ್ಲಿ ಅರ್ಧ. ಕೊನೆಗೆ ಉಳಿದ ಹತ್ತಿಪ್ಪತ್ತು ಕಂಬವನ್ನು ನಡೆದೇ ನೋಡಬೇಕು. ಪೂರ್ತಿ ಕತ್ತಲಿದ್ದರೆ ಕಿಡಿ ಕಾಣುತ್ತದೆ, ಹಗಲಾದರೆ ಸುಟ್ಟ ಕಲೆ ಕಾಣುತ್ತದೆ. ಈ ಹೊತ್ತಿನಲ್ಲಿ ಎರಡೂ ಇಲ್ಲ, ಚಾರ್ಜ್ ಮಾಡಿದ ಕ್ಷಣ ಚಿಟಚಿಟ ಎಲ್ಲಿಂದ ಬಂತೆಂದು ಕಿವಿಗೊಡುವುದೇ ದಾರಿ.

ಕಂಬ ಸಿಕ್ಕಿತು, ನಾಲ್ಕು ಕಂಬ ಆಚೆ. ಹಿರಿಯರು ಸ್ಟೇಷನ್ನಿಗೆ ಫೋನ್ ಮಾಡಿ ಎಲ್.ಸಿ. (ಲೈನ್ ಕ್ಲಿಯರ್) ತೆಗೆದುಕೊಂಡರು, ಎಂದರೆ ಅವರೇ ವಾಪಸ್ ಕೊಡುವವರೆಗೆ ಆ ಲೈನನ್ನು ಯಾರೂ ಚಾಲೂ ಮಾಡುವಂತಿಲ್ಲ. ಅದಾದ ಮೇಲೂ ನೇರ ಹತ್ತಲಿಲ್ಲ. ಕೆಲಸದ ಕಂಬದ ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಿದರು, ಮೊದಲು ನೆಲದ ತುದಿ, ಆಮೇಲೆ ತಂತಿಯ ತುದಿ. ತೆಗೆಯುವಾಗ ಉಲ್ಟಾ. ಎರಡೂ ಕಡೆ ಯಾಕೆ ಎಂದು ಹುಡುಗ ಕೇಳಿದ.

“ಸ್ಟೇಷನ್ ಕಡೆಯಿಂದ ಮಾತ್ರ ಬರ್ತದೆ ಅಂತ ಮಾಡಿದ್ಯಾ? ಯಾರೋ ಅಡಿಕೆ ಮಿಷನ್ನಿಗೆ ಜನರೇಟರ್ ಹಾಕಿರ್ತಾರೆ, ಮೇನ್ ಸ್ವಿಚ್ ತೆಗೆದಿರಲ್ಲ. ಅದು ಟಿ.ಸಿ.ಗೆ, ಅಂದ್ರೆ ಟ್ರಾನ್ಸ್‌ಫಾರ್ಮರಿಗೆ, ಹಿಂದಿಂದ ಹೊಕ್ಕು ಮತ್ತೆ ಹನ್ನೊಂದು ಸಾವಿರ ಆಗಿ ಬರ್ತದೆ.”

ಕಿರಿಯವನು ಬೆಲ್ಟ್ ಬಿಗಿದು ಹತ್ತಿದ. ಹತ್ತಡಿ ಮೇಲೆ ಪಾದ ಜಾರಿ ಒಂದಡಿ ಕೆಳಗೆ ಬಂದು ನಿಂತ. ಕಂಬದ ಉತ್ತರ ಬದಿಗೆ ಹಸಿರು ಪಾಚಿ ಇತ್ತು, ಇಬ್ಬನಿಗೆ ಲೋಳೆಯಾಗಿತ್ತು. ಹುಡುಗ ತನ್ನ ಅಂಗೈ ನೋಡಿಕೊಂಡ. ಹಿರಿಯರು ಕೇಳದೆಯೇ ಹೇಳಿದರು, “ಪರೀಕ್ಷೆ ಕಂಬಕ್ಕೆ ಪಾಚಿ ಇರಲ್ಲ. ಜೂನ್ ತಿಂಗಳಲ್ಲಿ ಬಂದು ಹತ್ತು, ಆಗ ಹೇಳು ಕೆಲಸ ಬೇಕೋ ಬೇಡವೋ.”

“ಬೇಕು” ಅಂದ ಹುಡುಗ.

ಮೇಲಿನಿಂದ ಕಿರಿಯವನ ದನಿ ಬಂತು, “ಇವ್ರನ್ನ ನಮ್ ಸೆಕ್ಷನ್ನಿಗೇ ಹಾಕ್ಸಿ ಸಾರ್, ನಾನು ಕೆಳಗೆ ನಿಲ್ತೀನಿ.”

ಹಳೇ ಪಿಂಗಾಣಿ ಕೆಳಗೆ ಬಂದಾಗ ನೋಡಿದರೆ, ಬುಡದ ಸೆರಗಿನಿಂದ ತಲೆಯ ತನಕ ಕರೀ ಗೆರೆ, ಮಗು ಪೆನ್ಸಿಲಿನಿಂದ ನದಿಯ ನಕ್ಷೆ ಬರೆದಂತೆ ಕವಲೊಡೆದಿತ್ತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಹುಡುಗ ಅದನ್ನು ಕೇಳಿ ತೆಗೆದುಕೊಳ್ಳಲು ನೋಡಿದ. ಹಳೇ ಸಾಮಾನು ಲೆಕ್ಕಕ್ಕೆ ಕೊಡಬೇಕು, ಸಿಗಲಿಲ್ಲ.

ಹೊಸನಗರ ತಲುಪುವಾಗ ಎಂಟೂವರೆ, ಬಿಸಿಲು ಬಂದಿತ್ತು. ಅಲ್ಲಿಂದ ನಗರಕ್ಕೆ ಏರಿಳಿತದ ರಸ್ತೆ. ನಗರ ಅಂದರೆ ಈಗ ಸಣ್ಣ ಪೇಟೆ. ಕೆಳದಿ ಅರಸರ ರಾಜಧಾನಿ ಬಿದನೂರಾಗಿದ್ದ ಊರು, 1763ರಲ್ಲಿ ಹೈದರಾಲಿಯ ಕೈಸೇರಿ ಹೈದರ್‌ನಗರವಾಯಿತು. ರಸ್ತೆ ಪಕ್ಕದಲ್ಲೇ ಕೋಟೆಯ ಗೋಡೆ. ಅದರ ಕಲ್ಲಿನ ಸಂದಿಯಿಂದ ಇಬ್ಬನಿ ಆವಿಯಾಗಿ ಏಳುತ್ತಿತ್ತು.

ಮನೆಯ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿ ಮೇಲೆ ಟಾರ್ಪಾಲು ಎಳೆದಿದ್ದರು. ಬೇಯಿಸಿದ ನೀರಿನ ಚೊಗರು ಹಿಡಿದು ಕೆಂಪಾದ ಅಡಿಕೆಗೆ ರಾತ್ರಿಯ ಕಾವಳ ಬಿದ್ದರೆ ಬಣ್ಣ ಮಂಕಾಗುತ್ತದೆ, ಎರಡು ರಾತ್ರಿ ಬಿದ್ದರೆ ಬೂಸ್ಟು ಹಿಡಿದು ಮಂಡಿಯಲ್ಲಿ ದರ ಇಳಿಯುತ್ತದೆ. ಸಂಜೆ ಐದಕ್ಕೇ ಮುಚ್ಚಬೇಕು, ಬೆಳಿಗ್ಗೆ ಟಾರ್ಪಾಲಿನ ಮೇಲಿನ ನೀರು ಅಡಿಕೆಗೆ ಬೀಳದ ಹಾಗೆ ಮೂಲೆಯಿಂದ ಮಡಚುತ್ತ ತೆಗೆಯಬೇಕು. ಹುಡುಗನ ತಾಯಿ ಅದನ್ನೇ ಮಾಡುತ್ತಿದ್ದರು. ಪರೀಕ್ಷೆ ಹೇಗಾಯಿತೆಂದು ಕೇಳುವ ಮೊದಲು, “ಆ ತುದಿ ಹಿಡಿ” ಅಂದರು. ಹಿಡಿದ. ಕೊನೆಗಾರ ಆಗಲೇ ತೋಟದಲ್ಲಿದ್ದ, ಎರಡನೇ ಮರದ ಮೇಲಿನಿಂದ ತಡವಾಯಿತೆಂದು ಬೈಯುತ್ತಿದ್ದ.

ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಮಾವ ಹೊರಡಲು ಕೀ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಹೆಡ್‌ಲೈಟಿನ ಗುಂಡಿ ಒತ್ತಿದಂತೇ ಇತ್ತು. ಬಿಸಿಲಿನಲ್ಲಿ ಉರಿಯುವುದು ಯಾರಿಗೂ ಕಂಡಿರಲಿಲ್ಲ. 55 ವಾಟಿನ ಎರಡು ಬಲ್ಬು ಐದು ಗಂಟೆ ಉರಿದರೆ ಓಮ್ನಿಯಂಥ ಸಣ್ಣ ಗಾಡಿಯ ಬ್ಯಾಟರಿಯಲ್ಲಿ ಏನೂ ಉಳಿಯುವುದಿಲ್ಲ.

“ನೆನಪು ಮಾಡು ಅಂದಿದ್ನಲ್ಲ!”

“ಕಂಬ ಎಣಿಸ್ತಾ ಇದ್ನಲ್ಲ ಮಾವ.”

ಅಂಗಳದಿಂದ ರಸ್ತೆಗೆ ಇಳಿಜಾರು ಇತ್ತು, ಪುಣ್ಯ. ಕೀ ಆನ್, ಎರಡನೇ ಗೇರು, ಕ್ಲಚ್ ಪೂರ್ತಿ ಒಳಗೆ. ಮೊದಲ ಗೇರಿನಲ್ಲಿ ಬಿಟ್ಟರೆ ಗಾಡಿ ಜಗ್ಗಿ ನಿಲ್ಲುತ್ತದೆ, ಎರಡರಲ್ಲಿ ಎಂಜಿನ್ ಸಲೀಸಾಗಿ ತಿರುಗುತ್ತದೆ. ಹುಡುಗ, ಅಡಿಕೆ ಸುಲಿಯಲು ಬಂದಿದ್ದ ಇಬ್ಬರು ಮೆಟ್ಟುಗತ್ತಿ ಬಿಟ್ಟು ಬಂದು ಹಿಂದಿನಿಂದ ತಳ್ಳಿದರು. ಮೀನಖಂಡ ಹಿಡಿದಿದ್ದ ಹುಡುಗ ಮುಖ ಕಿವುಚಿಕೊಂಡೇ ಓಡಿದ. ಹದಿನೈದು ಅಡಿ, ಇಪ್ಪತ್ತು ಅಡಿ, ಮಾವ ಕ್ಲಚ್ ಬಿಟ್ಟರು, ಒಮ್ಮೆ ಕೆಮ್ಮಿ ಎಂಜಿನ್ ಹತ್ತಿತು. ಅರ್ಧ ಗಂಟೆ ಓಡುವ ತನಕ ಎಲ್ಲೂ ಆರಿಸುವಂತಿಲ್ಲ ಎನ್ನುತ್ತ ಅವರು ಹಾರ್ನ್ ಹೊಡೆದು ಹೊರಟೇಬಿಟ್ಟರು. ಹಿಂಡಿ ಮೂಟೆ ಗಾಡಿಯಲ್ಲೇ ಉಳಿದಿತ್ತು.